ಕಾಯಕ ತೋಟ

ತೋಟವಾಗುವ ಮೊದಲು ಆ ಜಾಗ ತಿಪ್ಪೆಯಾಗಿತ್ತು. ಬಸವಕಲ್ಯಾಣದ ಹೊಸ ಕಾಲೊನಿಗೂ ಭೀಮವಾಡಿಗೂ ನಡುವೆ, ಉದ್ಯಾನಕ್ಕೆಂದು ಬಿಟ್ಟ ಜಾಗ. ಉದ್ಯಾನ ಬರಲಿಲ್ಲ. ಕಸ ಬಂತು. ಕಾಲೊನಿಯವರು ಬೆಳಗ್ಗೆ ಮನೆ ಗುಡಿಸಿ, ಕಸವನ್ನು ಚೀಲಕ್ಕೆ ತುಂಬಿ, ಗಂಟು ಕಟ್ಟಿ, ಕಾಂಪೌಂಡಿನ ಮೇಲಿಂದ ಬೀಸಿ ಒಗೆಯುತ್ತಿದ್ದರು. ಚೀಲ ಯಾವತ್ತೂ ಭೀಮವಾಡಿಯ ಕಡೆಗೇ ಹೋಗಿ ಬೀಳುತ್ತಿತ್ತು. ಗಾಳಿ ಆ ಕಡೆ ಬೀಸುತ್ತದೆ ಎಂದು ಕಾಲೊನಿಯವರು ಹೇಳುತ್ತಿದ್ದರು.

ದ್ರೌಪತಿಯ ಆಡು ಅಲ್ಲಿ ಮೇಯ್ದು ಸತ್ತಿತು. ಹೊಟ್ಟೆ ಕೊಯ್ದು ನೋಡಿದರೆ ಪ್ಲಾಸ್ಟಿಕ್ಕಿನ ಉಂಡೆ. ಬಿಡಿಸಿದರೆ ಬಟ್ಟೆ ಅಂಗಡಿಯ ಚೀಲ. ಅಂಗಡಿಯ ಹೆಸರು ಇನ್ನೂ ಓದಲು ಬರುತ್ತಿತ್ತು. ಸೊಸೆ ರತ್ನಮಾಲಾ ಓದಿದಳು. ಕಾಲೊನಿಯ ಗುರುಶಾಂತ ಸಾವ್ಕಾರರ ಅಂಗಡಿ.

ದ್ರೌಪತಿ ಮುಡಬಿಯವಳು. ಗಂಡ ತೀರಿಕೊಂಡ ಮೇಲೆ ಮಗನನ್ನು ಕಟ್ಟಿಕೊಂಡು ಬಸವಕಲ್ಯಾಣದ ಭೀಮವಾಡಿಗೆ ಬಂದಳು. ಕಂಡವರ ಹೊಲದಲ್ಲಿ ಕಳೆ ಕಿತ್ತಳು. ತೊಗರಿ ಕೊಯ್ದಳು. ಮಗ ಈಗ ಮುಡಬಿ ಲೈನಿನಲ್ಲಿ ಆಟೊ ಓಡಿಸುತ್ತಾನೆ. ರತ್ನಮಾಲಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಕಾಲೊನಿಯ ಹೆಂಗಸರೂ ಅವಳ ಹತ್ತಿರವೇ ಹೊಲಿಸುತ್ತಾರೆ. ಹೊಲಿದ ಬ್ಲೌಸನ್ನು ನೀರು ಚಿಮುಕಿಸಿ ಒಳಗೆ ಒಯ್ಯುತ್ತಾರೆ.

ವಿದ್ಯಾವತಿ ಬಾಯಿ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಕಾಲೊನಿಯ ಮೂಲೆಮನೆ ಅವರದು. ಬೇಸಿಗೆಗೆ ಮುಂಚೆ ಒಂದು ಮುಂಜಾನೆ ಅವರು ನಡೆದುಕೊಂಡು ಭೀಮವಾಡಿಗೆ ಬಂದರು. ನಳದ ಹತ್ತಿರ ನಿಂತು ಹೆಂಗಸರನ್ನು ಕರೆದರು.

"ಈ ಕಸ ನಿಮಗೂ ತ್ರಾಸ, ನಮಗೂ ತ್ರಾಸ. ಎಲ್ಲಾರೂ ಕೂಡಿ ತೆಗೆದ್ರ ಅಲ್ಲಿ ಕಾಯಿಪಲ್ಯ ಬೆಳೀತದ. ಪಗಾರ ಇಲ್ಲ. ಮನಸಿನಿಂದ ಮಾಡೋ ಕೆಲಸ. ಬೆಳೆದದ್ದು ಎಲ್ಲಾರಿಗೂ."

"ಎಲ್ಲಾರಿಗೂ ಅಂದ್ರ ನಮಗೂ ಏನ್ರಿ?" ಎಂದು ಸರುಬಾಯಿ ಕೇಳಿದಳು. ಸರುಬಾಯಿ ಭೀಮವಾಡಿಗೆ ಹಿರಿಯಳು. ಬಾಯಲ್ಲಿ ಹಲ್ಲಿಲ್ಲ. ಯಾರೇನು ಹೇಳಿದರೂ ಇನ್ನೊಂದು ಸಲ ಹೇಳಿಸುತ್ತಾಳೆ.

"ನಿಮಗೂ."

"ಬರೋಬ್ಬರಿ ಪಾಲು?"

"ಸಮಾ ಸಮಾ, ಬರೋಬ್ಬರಿ ಪಾಲು, ಆಯಿ."

ಆ 'ಆಯಿ' ಎಂಬ ಮಾತು ದ್ರೌಪತಿಗೆ ಹಿಡಿಸಿತು. ಕಾಲೊನಿಯ ಬಾಯಿಂದ ಭೀಮವಾಡಿಯ ಮುದುಕಿಗೆ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ರವಿವಾರ ಬರುತ್ತೇನೆ ಎಂದಳು. ಅವಳು ಬರುತ್ತಾಳೆಂದು ಉಳಿದವರೂ ಹೂಂ ಅಂದರು.

ಮೊದಲ ಗುಂಡಿ ತೋಡುವ ಮೊದಲೇ ಬೋರ್ಡು ಬಂತು. 'ಕಾಯಕ ತೋಟ'. ಹೆಸರು ಗುರುಶಾಂತ ಸಾವ್ಕಾರರದು. ಶರಣರ ಊರು, ಶರಣರ ಮಾತೇ ಇರಲಿ ಎಂದರು. ಮೊದಲ ರವಿವಾರ ಕಾಲೊನಿಯವರು ಟೊಪ್ಪಿಗೆ ಹಾಕಿಕೊಂಡು, ಕೈಗವಸು ತೊಟ್ಟು ಬಂದರು. ಆಳಿಗೊಂದು ಪ್ಲಾಸ್ಟಿಕ್ ಎತ್ತಿದರು. ಫೋಟೊ ತೆಗೆಸಿಕೊಂಡರು. ಎರಡನೆಯ ವಾರ ಅರ್ಧ ಜನ ಬಂದರು. ಆಮೇಲಿಂದ ನಾಷ್ಟಾ ಮುಗಿಸಿ ಬಂದು ಬೇವಿನ ನೆರಳಲ್ಲಿ ಕುರ್ಚಿ ಹಾಕಿ ಕೂತರು. ಹ್ಯಾಂಗ ಅಗೆಯಬೇಕು ಎಂದು ಹೇಳಿಕೊಟ್ಟರು.

ಭೀಮವಾಡಿಯ ಹೆಂಗಸರು ಅಗೆದರು. ಚೈತ್ರದ ಬಿಸಿಲು. ವರ್ಷಗಟ್ಟಲೆಯ ಕಸ ಅದು, ತುಳಿದು ತುಳಿದು ಗಟ್ಟಿಯಾಗಿತ್ತು. ಗುದ್ದಲಿ ಹೊಡೆದರೆ ಠಣ್ ಎನ್ನುತ್ತಿತ್ತು. ಒಡೆದ ಬಾಟಲಿ ಬಂತು. ಸಿರಿಂಜು ಬಂತು. ಮಕ್ಕಳ ಹೇಲು ತುಂಬಿದ ಚಡ್ಡಿ ಬಂತು. ಮುಟ್ಟಿನ ಬಟ್ಟೆ ಬಂತು. ಒಂದು ನಾಯಿ ಬಂತು, ಅರ್ಧ ಕೊಳೆತದ್ದು. ದ್ರೌಪತಿ ಅದನ್ನು ಎರಡೂ ಕೈಯಿಂದ ಎತ್ತಿ ಬುಟ್ಟಿಗೆ ಹಾಕಿದಳು. ಕುರ್ಚಿಯಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ಆ ಕೈ ಯಾರದು ಎಂದು ಆಗ ಯಾರೂ ಕೇಳಲಿಲ್ಲ.

ಗಾಜು ಅವಳ ಹಿಮ್ಮಡಿಗೆ ಹೊಕ್ಕಿತು. ಅರಿಶಿಣ ತುಂಬಿ ಬಟ್ಟೆ ಕಟ್ಟಿದಳು. ಮರುದಿನ ಕುಂಟುತ್ತ ಹೊಲದ ಕೆಲಸಕ್ಕೆ ಹೋದಳು. ಮುಂದಿನ ರವಿವಾರ ಕುಂಟುತ್ತ ತೋಟಕ್ಕೆ ಬಂದಳು. ಗೊಬ್ಬರವೂ ಭೀಮವಾಡಿಯದೇ. ಆಡಿನ ಹಿಕ್ಕೆ, ಎಮ್ಮೆಯ ಸಗಣಿ. ತಲೆಯ ಮೇಲೆ ಹೊತ್ತು ತಂದರು. ರಸ ಕುತ್ತಿಗೆಗೆ ಇಳಿದು ಬ್ಲೌಸಿನೊಳಗೆ ಹೋಗುತ್ತಿತ್ತು. "ನಿಮ್ಮ ಮಂದಿಗಿ ಮಣ್ಣಿನ ಕೆಲಸ ರಕ್ತದಾಗೇ ಅದ," ಎಂದು ಗುರುಶಾಂತ ಸಾವ್ಕಾರರು ಹೊಗಳಿದರು.

ಮಿರಗದ ಮಳೆ ಬಿತ್ತು. ಮೆಂತ್ಯ ಬಂತು, ರಾಜಗಿರಿ ಬಂತು. ಪುಂಡಿಪಲ್ಯ ಮೊಳಕಾಲೆತ್ತರ ಬೆಳೆಯಿತು. ಬದನೆ ಹೂ ಬಿಟ್ಟಿತು. ಸೌತೆಬಳ್ಳಿ ಹಂದರ ಹತ್ತಿತು. ದ್ರೌಪತಿ ಯಾರದೋ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದು ಬಂದು, ಮನೆಗೆ ಹೋಗದೆ ನೆಟ್ಟಗೆ ತೋಟಕ್ಕೆ ಹೋಗಿ ನಿಲ್ಲುತ್ತಿದ್ದಳು. ಸುಮ್ಮನೆ ನೋಡುತ್ತಿದ್ದಳು. ಅಷ್ಟು ವರ್ಷ ಬೆಳೆ ತೆಗೆದಿದ್ದಳು. ಪಾಲಿದೆ ಎಂದು ಹೇಳಿಸಿಕೊಂಡ ಬೆಳೆ ಇದೊಂದೇ.

ಮೊದಲ ಸಲ ಪಲ್ಲೆ ಹರಿಯುವ ದಿನ ಅವಳು ಎಲ್ಲರಿಗಿಂತ ಮುಂಚೆ ಬಂದು ಮೆಂತ್ಯದ ಮಡಿಯ ಪಕ್ಕ ಕೂತಳು. ಕೈ ಹಾಕಿದಳು.

"ತಡಿ ತಡಿ. ನೀವು ಹರಿಬ್ಯಾಡ್ರಿ," ಎಂದರು ಲಲಿತಾಬಾಯಿ. ಗುರುಶಾಂತ ಸಾವ್ಕಾರರ ಹೆಂಡತಿ.

"ಯಾಕ್ರಿ?"

"ಮೊದಲ ಪೀಕು. ದೇವರಿಗಿ ಎಡಿ ಹೋಗ್ತದ. ನಮ್ಮ ಹೆಣ್ಮಕ್ಕಳು ಜಳಕ ಮಾಡಿ ಬಂದಾರ. ಅವರು ಹರೀಲಿ."

"ನಾವೂ ಜಳಕ ಮಾಡೀವ್ರಿ."

"ಹಂಗಲ್ಲವಾ."

ಹ್ಯಾಂಗ ಎಂದು ಲಲಿತಾಬಾಯಿ ಹೇಳಲಿಲ್ಲ. ಕಾಲೊನಿಯ ಹೆಂಗಸರು ಸೀರೆ ಎತ್ತಿ ಕಟ್ಟಿ ಮಡಿಗೆ ಇಳಿದರು. ಮೆಂತ್ಯವನ್ನು ಬೇರು ಸಮೇತ ಕಿತ್ತರು. ಭೀಮವಾಡಿಯ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು. ಆಮೇಲೆ ಪಾಲು ಕೊಟ್ಟರು. ಬರೋಬ್ಬರಿ ಪಾಲೇ, ಅದರಲ್ಲಿ ಮೋಸವಿಲ್ಲ. ಸಾಲಾಗಿ ನಿಲ್ಲಿಸಿ, ಸೆರಗು ಒಡ್ಡಲು ಹೇಳಿ, ಲಲಿತಾಬಾಯಿ ಮೆಂತ್ಯದ ಸಿವುಡನ್ನು ಮೇಲೆ ಹಿಡಿದು ಬಿಟ್ಟರು. ಕೈಗೂ ಸೆರಗಿಗೂ ನಡುವೆ ಒಂದು ಮೊಳ ಗಾಳಿ. ಸರುಬಾಯಿಯ ಸಿವುಡು ಸೆರಗು ತಪ್ಪಿ ಕೆಸರಿಗೆ ಬಿತ್ತು. ಬಗ್ಗಿ ಎತ್ತಿಕೊಂಡಳು.

ಎರಡನೆಯ ಸಲ ದೇವರ ಮಾತಿರಲಿಲ್ಲ. ಆದರೂ ಹರಿದವರು ಅವರೇ. ಮೂರನೆಯ ಸಲ ಯಾರೂ ಏನೂ ಹೇಳಬೇಕಾಗಲಿಲ್ಲ. ಅದೇ ಪದ್ಧತಿಯಾಗಿತ್ತು.

"ಅತ್ತಿ, ನಿಮ್ಮ ಕೈ ಸತ್ತ ನಾಯಿ ಎತ್ತಾಕ ನಡೀತದ. ಬದ್ನಿಕಾಯಿ ಹರಿಯಾಕ ನಡೆಂಗಿಲ್ಲ," ಎಂದಳು ರತ್ನಮಾಲಾ, ಹೊಲಿಗೆ ಮಷೀನು ನಿಲ್ಲಿಸದೆ. "ಇನ್ನ ಹೋಗಬ್ಯಾಡ್ರಿ ಅಲ್ಲಿ."

"ಹೋಗೋದು ಬಿಟ್ರ ಅದು ಅವರದೇ ಆಗ್ತದ."

"ಈಗ ಯಾರದಾಗ್ಯದ?"

ದ್ರೌಪತಿ ಉಣ್ಣಲು ಕೂತಳು. ತಾಟಿನಲ್ಲಿ ಮೇಲಿಂದ ಸೆರಗಿಗೆ ಬಿದ್ದ ಬದನೆಕಾಯಿಯ ಪಲ್ಲೆ. ಹಸಿದಿದ್ದಳು. ಆದರೂ ತಾಟು ದೂಡಿದಳು.

ಶ್ರಾವಣಕ್ಕೆ ಮೊದಲು ಹುಮನಾಬಾದಿನ ಹೆಂಗಸರ ಸಂಘವೊಂದು ವಿದ್ಯಾವತಿ ಬಾಯಿಯನ್ನು ಕರೆಸಿತು. ಅಲ್ಲಿಯೂ ಇಂಥ ತೋಟ ಮಾಡಬೇಕೆಂದಿದ್ದರು. ಹ್ಯಾಂಗ ಮಾಡಿದಿರಿ, ಬಂದು ಹೇಳಿ ಎಂದರು. ವಿದ್ಯಾವತಿ ಬಾಯಿ ದ್ರೌಪತಿಯನ್ನು ಜೊತೆಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೇ ಕೊಟ್ಟರು.

ಸಂಘದ ಹಿರಿಯಳು ವಹೀದಾ. ಅವಳ ಮನೆಯ ಪಡಸಾಲೆಯಲ್ಲಿ ಸಭೆ. ವಿದ್ಯಾವತಿ ಬಾಯಿ ಚೆನ್ನಾಗಿ ಮಾತಾಡಿದರು. ನಮ್ಮ ತೋಟಕ್ಕೆ ಜಾತಿಯಿಲ್ಲ ಎಂದರು. ಮಣ್ಣಿಗೆ ಎಲ್ಲ ಕೈಯೂ ಒಂದೇ ಎಂದರು. ದ್ರೌಪತಿಯನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದ್ರೌಪತಿ ಕೈ ಮುಗಿದು ಕೂತಳು. ಹಿಮ್ಮಡಿ ಆಗಲೂ ಸಣ್ಣಗೆ ನೋಯುತ್ತಿತ್ತು.

ಊಟಕ್ಕೆ ಒಂದೇ ಜಮಖಾನೆ. ರೊಟ್ಟಿ, ಎಣ್ಣೆಗಾಯಿ, ಹಿಂಡಿ ಚಟ್ನಿ. ವಹೀದಾ ಬಡಿಸಿದಳು. ವಿದ್ಯಾವತಿ ಬಾಯಿ ದ್ರೌಪತಿಗೆ ಭುಜ ತಾಗಿಸಿ ಕೂತು ಉಂಡರು. ನಡುವೆ, "ಆ ಹಿಂಡಿ ನೀ ತಿನ್ನಂಗಿಲ್ಲೇನು? ಕೊಡು ಇಲ್ಲಿ," ಎಂದು ಅವಳ ತಾಟಿನಿಂದಲೇ ಬೆರಳಲ್ಲಿ ತೆಗೆದುಕೊಂಡು ನೆಕ್ಕಿದರು.

ಹಿಂದಿರುಗುವ ಬಸ್ಸಿನಲ್ಲಿ ದ್ರೌಪತಿ ಕೇಳಿದಳು.

"ಬಾಯಾರ, ಇವತ್ತ ನನ್ನ ತಾಟಿಂದ ತಗೊಂಡು ತಿಂದ್ರಿ."

"ಹೂಂ. ಅದಕ್ಕೇನಾತು?"

"ತ್ವಾಟದಾಗ ನಾ ಹರಿದ ಕಾಯಿ ಯಾಕ ನಡೆಂಗಿಲ್ರಿ?"

ವಿದ್ಯಾವತಿ ಬಾಯಿ ಕಿಟಕಿಯ ಹೊರಗೆ ನೋಡಿದರು. ಹೊರಗೆ ತೊಗರಿ ಹೊಲ ಬಿಟ್ಟರೆ ಏನೂ ಇರಲಿಲ್ಲ.

"ನಾ ಅಂಥಾಕಿ ಅಲ್ಲ. ನಿನಗ ಗೊತ್ತದ."

"ಗೊತ್ತದರಿ."

"ಹುಮನಾಬಾದದಾಗ ನಮ್ಮವರು ಯಾರೂ ಇರಲಿಲ್ಲ. ಕಾಲೊನ್ಯಾಗ ನಾ ಬಾಳ್ವಿ ಮಾಡಬೇಕು, ದ್ರೌಪತಿ. ಎಲ್ಲಾ ಸಾವಕಾಶ ಬದಲಾಗ್ತದ. ಜರಾ ತಾಳ್ಕೋ."

ದ್ರೌಪತಿ ತಾಳಿಕೊಂಡಳು. ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಬರುವವರೆಗೆ ತಾಳಿಕೊಂಡಳು.

ಮುಂದಿನ ರವಿವಾರ ಬದನೆ ಹರಿಯುವ ಸರದಿ. ಕಾಲೊನಿಯ ಹೆಂಗಸರು ಇನ್ನೂ ಚಹಾ ಕುಡಿಯುತ್ತಿದ್ದರು. ದ್ರೌಪತಿ ಬುಟ್ಟಿ ಎತ್ತಿಕೊಂಡು ಮಡಿಗೆ ಇಳಿದಳು. ತೊಟ್ಟಿನ ಮುಳ್ಳು ಬೆರಳಿಗೆ ಚುಚ್ಚಿತು. ಒಂದು ಕಾಯಿ ತಿರುವಿ ಹರಿದಳು. ಇನ್ನೊಂದು ಹರಿದಳು. ಅವಸರ ಮಾಡಲಿಲ್ಲ. ಕುರ್ಚಿಗಳ ಕಡೆ ಕಪ್ಪುಗಳು ಕೆಳಗಿಳಿದವು.

"ಏ ದ್ರೌಪತಿ," ಎಂದು ಗುರುಶಾಂತ ಸಾವ್ಕಾರರು ಎದ್ದರು. "ನಿನಗ ಹೇಳಿಲ್ಲೇನು?"

"ಏನ್ ಹೇಳೀರ್ರಿ?"

"ಹರಿಬ್ಯಾಡ ಅಂತ."

"ಯಾಕ ಅಂತ ಹೇಳಿಲ್ರಿ."

ಸಾವ್ಕಾರರು ಸುತ್ತ ನೋಡಿದರು. ಯಾರಾದರೂ ಹೇಳಲಿ ಎಂದು ನೋಡಿದರು. ವಿದ್ಯಾವತಿ ಬಾಯಿ ಕಪ್ಪು ತೊಳೆಯಲು ಎದ್ದು ಹೋದರು.

ದ್ರೌಪತಿ ಬುಟ್ಟಿ ತುಂಬಿಸಿ ತಂದು ಕುರ್ಚಿಗಳ ಮುಂದೆ ಇಟ್ಟಳು. "ಪಾಲು ಮಾಡ್ರಿ," ಎಂದಳು. ಲಲಿತಾಬಾಯಿ ಕಾಲು ಹಿಂದೆ ತೆಗೆದುಕೊಂಡರು. ಸಾವ್ಕಾರರು ಬುಟ್ಟಿಯನ್ನು ಚಪ್ಪಲಿಯ ತುದಿಯಿಂದ ನೂಕಿದರು. ಗೇಟಿನವರೆಗೆ ಹಾಗೇ ನೂಕುತ್ತ ಹೋಗಿ ರಸ್ತೆಗೆ ಉರುಳಿಸಿದರು. ದಾರಿಯಲ್ಲಿ ಹೊರಟಿದ್ದ ಎಮ್ಮೆಯೊಂದು ನಿಂತು ತಿಂದಿತು. ಯಾರು ಹರಿದದ್ದು ಎಂದು ಅದು ಕೇಳಲಿಲ್ಲ.

ದ್ರೌಪತಿ ನಿಂತು ನೋಡಿದಳು. ಅಳು ಬರಲಿಲ್ಲ. ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಅವತ್ತೇ ಸಂಜೆ ತೋಟದ ಕಮಿಟಿ ಕೂತಿತು. ಕಮಿಟಿಯಲ್ಲಿ ಭೀಮವಾಡಿಯವರು ಇರಲಿಲ್ಲ. ಅವರು ತೋಟದಲ್ಲಿ ಇದ್ದಾರಲ್ಲ, ಅಷ್ಟು ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ಬೆಳಗ್ಗೆ ತೀರ್ಮಾನ ಹೇಳಲು ವಿದ್ಯಾವತಿ ಬಾಯಿಯೇ ನಳದ ಹತ್ತಿರ ಬಂದರು.

"ಕಾಯಿಪಲ್ಯ ತೆಗೀತಾರ. ಹುಲ್ಲು, ಕ್ರೋಟನ್ ಹಚ್ತಾರ. ನೋಡಾಕ ಚಂದ ಇರ್ತದ. ಯಾರೂ ಹರಿಯೋದು ಬ್ಯಾಡ, ಯಾರೂ ತಿನ್ನೋದು ಬ್ಯಾಡ. ಜಗಳಾ ತಪ್ತು."

"ಬದ್ನಿ ಇನ್ನಾ ಹೂ ಬಿಡಾಕತ್ತದಲ್ರಿ," ಎಂದಳು ಸರುಬಾಯಿ.

"ನಾ ಹೇಳಿನಿ ಆಯಿ. ನನ್ನ ಮಾತು ನಡೀಲಿಲ್ಲ."

"ಯಾವಾಗ ತೆಗೀತಾರ್ರಿ?" ದ್ರೌಪತಿ ಕೇಳಿದಳು.

"ಮುಂದಿನ ಸೋಮವಾರ. ಜೆಸಿಬಿಗೆ ಹೇಳ್ಯಾರ."

ದ್ರೌಪತಿ ಕೊಡ ತುಂಬಿಸಿ ಸೊಂಟಕ್ಕೆ ಇಟ್ಟುಕೊಂಡಳು. "ಆತ್ರಿ," ಎಂದಳು.

ಆ ಸೋಮವಾರ ಶ್ರಾವಣದ್ದು. ಜೆಸಿಬಿ ಬರುವ ಹೊತ್ತಿಗೆ ಭೀಮವಾಡಿಯ ಹೆಂಗಸರು ತೋಟದಲ್ಲಿ ಕೂತಿದ್ದರು. ಬದುವಿನ ಮೇಲಲ್ಲ, ಮಡಿಯೊಳಗೆ. ಬದನೆಗಿಡಗಳ ನಡುವೆ, ಪುಂಡಿಯ ನಡುವೆ, ಸೌತೆ ಹಂದರದ ಕೆಳಗೆ. ರತ್ನಮಾಲಾ ಮಷೀನು ಮುಚ್ಚಿ ಬಂದಿದ್ದಳು. ಬುತ್ತಿ ತಂದಿದ್ದರು. ಬಿಚ್ಚಿ ಉಣ್ಣುತ್ತಿದ್ದರು. ಹಸಿಕೆಸರು ಸೀರೆಗೆ ಹತ್ತಿ ಕುಂಡಿ ತಣ್ಣಗಾಗಿತ್ತು.

ಜೆಸಿಬಿ ಓಡಿಸುವವನು ಅಜೀಮುದ್ದೀನ್. ಗೇಟಿನ ಹತ್ತಿರ ನಿಲ್ಲಿಸಿ ನೋಡಿದ. ಎಂಜಿನ್ ಬಂದ್ ಮಾಡಿದ.

"ಯಾಕ ನಿಲ್ಲಿಸಿದಿ?" ಎಂದರು ಸಾವ್ಕಾರರು. ಹಣೆತುಂಬ ವಿಭೂತಿ. ಪೂಜೆ ಮುಗಿಸಿ ನೇರ ಬಂದಿದ್ದರು.

"ಮಂದಿ ಕೂತಲ್ಲಿ ಬಕೆಟ್ ಇಳಸಂಗಿಲ್ರಿ."

"ಅಂಜಸು ಸಾಕು. ಏಳ್ತಾರ."

ಅಜೀಮುದ್ದೀನ್ ಇನ್ನೊಮ್ಮೆ ನೋಡಿದ. "ಅಂಜೋ ಮಂದಿ ಕಾಣಂಗಿಲ್ರಿ. ಊಟಾ ಮಾಡಾಕತ್ತಾರ."

ಸಾವ್ಕಾರರು ಒಳಗೆ ಬಂದರು. ಮಡಿಯ ಅಂಚಿಗೆ ನಿಂತರು. ಅವರ ಹಿಂದೆ ಕಾಲೊನಿಯವರು ಗುಂಪಾದರು.

"ಪೊಲೀಸರಿಗಿ ಫೋನ್ ಮಾಡ್ತೀನಿ."

"ಮಾಡ್ರಿ," ಎಂದಳು ರತ್ನಮಾಲಾ. "ಬರ್ತಾರ. ಯಾಕ ಕೂತೀರಿ ಅಂತ ಕೇಳ್ತಾರ. ನಾವು ಹರಿದ ಬದ್ನಿ ಎಮ್ಮಿಗಿ ಹಾಕ್ಯಾರ ಅಂತ ಹೇಳ್ತೀವಿ. ಅದಕ್ಕೊಂದು ಕಾನೂನು ಅದ. ಬರಕೋತಾರ."

ಸಾವ್ಕಾರರು ಫೋನನ್ನು ಜೇಬಿಗೆ ಇಟ್ಟರು. ಸರುಬಾಯಿ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದಳು. ಆಮೇಲೆ ಸಾವ್ಕಾರರ ದನಿ ಇಳಿಯಿತು.

"ಏನ್ ಬೇಕು ನಿಮಗ? ಹರಿಯೋದು ಬೇಕಲ್ಲ? ಹರೀರಿ. ಇವತ್ತಿಂದ ನೀವೂ ಹರೀರಿ. ನಾನೇ ಹೇಳಾಕತ್ತೇನಿ. ಏಳ್ರಿ ಈಗ."

"ನಾವು ಹರಿದದ್ದು ಎಮ್ಮಿ ತಿಂತದ, ಗೊತ್ತಾತ್ರಿ," ಎಂದಳು ದ್ರೌಪತಿ. "ನೀವು ತಿಂತೀರಿ?"

"ತಿಂತೀವಿ."

ದ್ರೌಪತಿ ಎದ್ದಳು. ಹಂದರಕ್ಕೆ ಕೈ ಚಾಚಿ ಎಳೆಯ ಸೌತೆಕಾಯಿ ಹರಿದಳು. ಸೆರಗಿನಲ್ಲಿ ಒರೆಸಿದಳು. ಎರಡು ತುಂಡು ಮಾಡಿದಳು. ಒಂದನ್ನು ಗೇಟಿಗೆ ಒಯ್ದು ಅಜೀಮುದ್ದೀನನಿಗೆ ಕೊಟ್ಟಳು. ಅವನು ಸೀಟಿನಿಂದ ಬಗ್ಗಿ ತೆಗೆದುಕೊಂಡು ಕಚ್ಚಿದ. "ಮೀಠಾ ಅದ," ಎಂದ. ತಿರುಗಿ ಬಂದು ಇನ್ನೊಂದನ್ನು ಸಾವ್ಕಾರರ ಮುಂದೆ ಹಿಡಿದಳು. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

"ತಗೋರಿ."

ಸಾವ್ಕಾರರು ಸೌತೆಕಾಯಿ ನೋಡಿದರು. ಕೈ ನೋಡಿದರು. ಹಿಂದೆ ನಿಂತವರನ್ನು ನೋಡಿದರು.

"ಇವತ್ತ ನಂದು ಸೋಮವಾರ," ಎಂದರು. "ಉಪವಾಸ."

"ಉಪಾಸಕ್ಕ ಸೌತಿಕಾಯಿ ನಡೀತದಲ್ರಿ?" ಎಂದಳು ಸರುಬಾಯಿ.

"ನನಗ ನಡೆಂಗಿಲ್ಲ."

"ಇರಲಿ ಬಿಡ್ರಿ," ಎಂದಳು ದ್ರೌಪತಿ. "ನಾಳೆ ಮಂಗಳವಾರ. ಇಲ್ಲೇ ಕೂತಿರ್ತೀವಿ. ಬರ್ರಿ."

ಅವಳು ಆ ತುಂಡನ್ನು ತಾನೇ ತಿಂದು, ತನ್ನ ಜಾಗದಲ್ಲಿ ಕೂತಳು.

ಮಂಗಳವಾರ ಸಾವ್ಕಾರರು ಬರಲಿಲ್ಲ. ಅಂಗಡಿಗೆ ಹೊಸ ಮಾಲು ಬಂದಿದೆ ಎಂದು ಹೇಳಿ ಕಳಿಸಿದರು. ಜೆಸಿಬಿ ಗೇಟಿನಲ್ಲೇ ನಿಂತಿತ್ತು. ಬುಧವಾರ ಅಜೀಮುದ್ದೀನನಿಗೆ ನಾರಾಯಣಪುರದಲ್ಲಿ ಕೆಲಸ ಬಂತು. ಯಂತ್ರ ತಿರುಗಿಸಿಕೊಂಡು ಹೋದ. ಹೋಗುವಾಗ ಹೆಂಗಸರಿಗೆ ಸಲಾಂ ಮಾಡಿದ.

ಹೆಂಗಸರು ಸರದಿಯಲ್ಲಿ ಕೂತರು. ಹೊಲದ ಕೆಲಸಕ್ಕೆ ಹೋದವರು ಸಂಜೆ ಬಂದರು. ಉಳಿದವರು ಬೆಳಗ್ಗೆಯಿಂದ ಇದ್ದರು. ಮಳೆ ಬಂದಾಗ ಗೊಬ್ಬರದ ಚೀಲ ತಲೆಗೆ ಹಾಕಿಕೊಂಡರು. ಸುಮ್ಮನೆ ಯಾಕೆ ಕೂರಬೇಕೆಂದು ಕಳೆ ಕಿತ್ತರು. ಬದನೆ ಹರಿದರು. ದಾರಿಯಲ್ಲಿ ಹೋಗುವ ಯಾರು ಕೈ ಒಡ್ಡಿದರೂ ಕೈಯಲ್ಲಿ ಇಟ್ಟರು. ಆಟೊದವರು ಒಯ್ದರು. ಶಾಲೆಯ ಮಕ್ಕಳು ಸೌತೆಕಾಯಿ ತಿನ್ನುತ್ತ ಹೋದರು. ಕಾಲೊನಿಯ ಮಕ್ಕಳೂ ಅವರಲ್ಲಿ ಇದ್ದರು. ಅವರ ತಾಯಂದಿರು ಅದನ್ನು ನೋಡಲಿಲ್ಲವೆಂದು ಎಲ್ಲರೂ ಒಪ್ಪಿಕೊಂಡರು.

ಕ್ರೋಟನ್ ಗಿಡಗಳು ಒಂದು ಟೆಂಪೊದಲ್ಲಿ ಬಂದವು. ಇಳಿಸಲು ಜಾಗವಿಲ್ಲದೆ ಸಾವ್ಕಾರರ ಮನೆಯ ಮುಂದೆ ಇಳಿದವು.

ವಿದ್ಯಾವತಿ ಬಾಯಿ ಶನಿವಾರ ಬಂದರು. ಬೆಳಗಿನ ಹೊತ್ತು. ಕಾಲೊನಿಯವರೆಲ್ಲ ಅಂಗಳದಲ್ಲಿ, ಬಾಲ್ಕನಿಯಲ್ಲಿ ಇರುವ ಹೊತ್ತು. ಗೇಟಿನ ಹೊರಗೇ ನಿಂತರು. ನಿಂತೇ ಇದ್ದರು. ದ್ರೌಪತಿ ತಲೆ ಎತ್ತಿ ನೋಡಿದಳು. ಕರೆಯಲಿಲ್ಲ.

"ಒಂದು ಸೌತಿಕಾಯಿ ಕೊಡು," ಎಂದರು ಬಾಯಿ.

"ಮನೀಗಿ ಒಯ್ಯಾಕ ಏನ್ರಿ?"

"ಇಲ್ಲ."

ದ್ರೌಪತಿ ಒಂದನ್ನು ಹರಿದು ಕೊಟ್ಟಳು. ವಿದ್ಯಾವತಿ ಬಾಯಿ ಅದನ್ನು ಕೈಯಿಂದ ಕೈಗೆ ತೆಗೆದುಕೊಂಡರು. ಕಾಲೊನಿಯ ಕಡೆ ಮುಖ ಮಾಡಿ ನಿಂತರು. ಕಚ್ಚಿದರು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಒಳಗೆ ಹೋದರು. ಪಕ್ಕದ ಮನೆಯ ಕಿಟಕಿ ಮುಚ್ಚಿತು. ವಿದ್ಯಾವತಿ ಬಾಯಿ ತೊಟ್ಟಿನವರೆಗೆ ತಿಂದು ಮುಗಿಸಿದರು. ಹೊತ್ತು ಹಿಡಿಯಿತು.

"ಒಂದು ಸೌತಿಕಾಯಿ ತಿಂದ್ರ ಮುಗೀತೇನು?" ಎಂದಳು ರತ್ನಮಾಲಾ, ಕೇಳಿಸುವ ಹಾಗೆ.

"ಮುಗಿಲಿಲ್ಲ," ಎಂದಳು ದ್ರೌಪತಿ.

ಅವಳು ಗೇಟು ತೆರೆದಳು. ವಿದ್ಯಾವತಿ ಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೆಸರಿನಲ್ಲಿ ಕಾಲು ಹೂತಿತು. ದ್ರೌಪತಿ ಅವರ ಕೈಗೆ ಖುರ್ಪಿ ಕೊಟ್ಟು ಪುಂಡಿಯ ಆಚೆ ಕೈ ತೋರಿಸಿದಳು. ಅಲ್ಲಿ ಕಳೆ ದಟ್ಟವಾಗಿ ಬೆಳೆದಿತ್ತು.

"ಈ ಸಾಲು ನಿಮ್ಮದರಿ," ಎಂದಳು. "ಬೇರು ಸಮೇತ ತೆಗೀರಿ."